ಆಡುಮಾತಿನಲ್ಲಿ ರೂಪಕ
(ದೇವಸಮುದ್ರದಲ್ಲಿ ಉಪಾಧ್ಯಾಯರ ಮುಂದೆ ಮಾಡಿದ ಭಾಷಣ)



ರೂಪಕವೆಂದೊಡನೆ ನಮ್ಮ ಮನಸ್ಸು ಕಾವ್ಯದ ಕಡೆಗೆ ಓಡುವದು. ಮುಖವೇ ಚಂದ್ರ, ಪಾದವೇ ಕಮಲ ಎಂಬ ಉದಾಹರಣೆಗಳನ್ನು ಹುಡುಗರಿಂದ ಬಾಯಿಪಾಠ ಮಾಡಿಸಿ, ಉಪಮೇಯಕ್ಕೂ ಉಪಮಾನಕ್ಕೂ ಅಭೇದವನ್ನು ಹೇಳುವದೇ ರೂಪಕವೆಂಬ ಲಕ್ಷಣವನ್ನು ಒಪ್ಪಿಸಿಕೊಂಡರೆ ಶಾಲೆಯ ಪಾಠ ಮುಗಿಯಿತು. ಕವಿರಾಜಮಾರ್ಗವು ಹುಟ್ಟಿದ ಒಂಬತ್ತನೆಯ ಶತಮಾನದಿಂದಲೂ ಕನ್ನಡದಲ್ಲಿ ಅಲಂಕಾರದ ವಿಚಾರ ನಡೆದುಬಂದಿದೆ. ಅದರ ಬೆಲೆಯನ್ನು ಕುಗ್ಗಿಸುವದು ನಮ್ಮ ಉದ್ದೇಶವಲ್ಲ. ಆದರೆ ರೂಪಕವು ಕವಿಯ ಪೆಟ್ಟಿಗೆಯೊಳಗಿನ ಒಡವೆ ಮಾತ್ರವೆಂದು ಎಣಿಸಿದರೆ, ಬೆಳಗಾದರೆ ನಮ್ಮೆಲ್ಲರ ಬಾಯಿಂದ ಹೊರಡುವ ರೂಪಕಗಳನ್ನು ನಾವು ಕಾಣದೆಯೇ ಹೋಗುವೆವು.

ಈ ಊರ ಹೆಸರನ್ನೇ ನೋಡಿರಿ. ದೇವಸಮುದ್ರ! ನಾಡಿನಲ್ಲಿ ಮಳೆ ಬಹು ಕಡಮೆಯಾದ ಸೀಮೆಗಳಲ್ಲಿ ಮೊಳಕಾಲ್ಮೂರು ಒಂದು. ಕಡಲು ಇಲ್ಲಿಗೆ ನೂರು ಮೈಲಿಗೂ ಮಿಕ್ಕ ದೂರ. ಅದನ್ನು ಕಣ್ಣಾರೆ ಕಾಣದ ರೈತನೂ ತನ್ನ ಊರ ಹೆಸರನ್ನು ಹೇಳುವಾಗಲೆಲ್ಲ ಸಮುದ್ರವೆನ್ನುವನು. ಕಟ್ಟಿ ನಿಲ್ಲಿಸಿದ ನೀರಿಗೆ ಸಮುದ್ರವೆಂದೂ ಸಾಗರವೆಂದೂ ಹೆಸರಿಡುವದು ನಮ್ಮವರ ಹಳೆಯ ವಾಡಿಕೆ. ಹೊಯ್ಸಳರ ರಾಜಧಾನಿ ದೋರಸಮುದ್ರವೆನಿಸಿತು. ಸೂಳೆಕೆರೆಗೆ ಶಾಂತಿಸಾಗರವೆಂಬ ಹೆಸರಾಯಿತು. 1907ರಲ್ಲಿ ಮುಗಿದ ಮಾರಿಕಣಿವೆಯ ಕಟ್ಟೆಯ ಹಿಂದಿನ ನೀರು ವಾಣೀವಿಲಾಸ ಸಾಗರವಾಯಿತು. ಇದನ್ನು ಹೊಗಳುಭಟರ ಅತಿಶಯೋಕ್ತಿಯೆಂದು ತಳ್ಳಿಬಿಡಬಾರದು. ಒಣನೆಲದ ಜನರಿಗೆ ಎರಡು ಬೆಳೆಯ ನೀರು ನಿಂತರೆ ಅದು ಸಮುದ್ರವೇ ಸರಿ. ನೀರಿನ ಅಳತೆಯನ್ನಲ್ಲ, ಅದರ ಬೆಲೆಯನ್ನು ಆ ಹೆಸರು ಹೇಳುತ್ತದೆ.

ಇನ್ನು ಆ ಕೆರೆಗೆ ಅಂಗಳವುಂಟು, ಬೆಟ್ಟಕ್ಕೆ ನೆತ್ತಿಯುಂಟು, ಸೂಜಿಗೆ ಕಣ್ಣು, ಗಡಿಗೆಗೆ ಕಂಠ, ಗರಗಸಕ್ಕೆ ಹಲ್ಲು, ಮಂಚಕ್ಕೆ ಕಾಲು. ಇವನ್ನು ಬಿಟ್ಟು ಒಂದು ಗಳಿಗೆ ಮಾತಾಡಲು ಯತ್ನಿಸಿರಿ, ಮಾತೇ ನಿಂತುಹೋದೀತು. (ಮಾತಿಗೆ ಕಾಲಿಲ್ಲವಾದರೂ ಅದು ನಿಲ್ಲುವದು, ಹೊರಡುವದು, ಊರೆಲ್ಲ ಹಬ್ಬುವದು.) ರೇಷ್ಮೆಯ ಸೀರೆಗೆ ಹೆಸರಾದ ಈ ತಾಲ್ಲೂಕಿನಲ್ಲಿ ಇನ್ನೊಂದು ಮಾತನ್ನು ವಿವರಿಸಬೇಕಾದುದಿಲ್ಲ. ಒಂದು ಸಂಗತಿ ಇನ್ನೊಂದರೊಡನೆ 'ಹಾಸುಹೊಕ್ಕಾಗಿದೆ' ಎಂದು ಪಟ್ಟಣದ ಪಂಡಿತನು ಬರೆಯುವನು. ಹಾಸು ಯಾವದು ಹೊಕ್ಕು ಯಾವದೆಂದು ಅವನನ್ನು ಕೇಳಿದರೆ ತಡವರಿಸುವನು. ಮಗ್ಗದ ಮುಂದೆ ಕುಳಿತ ನೇಕಾರನ ಮಗನು ಉದ್ದದ ಎಳೆ ಹಾಸು, ಅಡ್ಡದ ಎಳೆ ಹೊಕ್ಕು ಎಂದು ಥಟ್ಟನೆ ಹೇಳುವನು. ಪಂಡಿತನಿಗೆ ಸತ್ತ ರೂಪಕ ಹುಡುಗನಿಗೆ ಜೀವಂತವಾಗಿದೆ.

ನಮ್ಮ ಹಿಂದಿನವರು ಇದನ್ನು ಕಾಣದವರಲ್ಲ. ಶಬ್ದವು ತನ್ನ ನೇರವಾದ ಅರ್ಥವನ್ನು ಬಿಟ್ಟು ಸಂಬಂಧಪಟ್ಟ ಬೇರೊಂದನ್ನು ಹೇಳುವದಕ್ಕೆ ಅವರು ಲಕ್ಷಣೆಯೆಂದರು. ಬಳಕೆಯಿಂದ ಗಟ್ಟಿಯಾದದ್ದನ್ನು ರೂಢಿಯೆಂದು ಬೇರೆ ಎಣಿಸಿದರು. ಮಮ್ಮಟನು ಇದಕ್ಕೆ ಕೊಟ್ಟ ಉದಾಹರಣೆ 'ಕುಶಲ' ಎಂಬ ಶಬ್ದ. ದರ್ಭೆಯನ್ನು ಕೈ ಕೊಯ್ದುಕೊಳ್ಳದಂತೆ ತರಬಲ್ಲವನು ಕುಶಲ. ಈಗ ಯಾವ ಕೆಲಸದಲ್ಲಿ ಜಾಣನಾದವನೂ ಕುಶಲ. 1980ರಲ್ಲಿ ಅಮೆರಿಕೆಯ ಲೇಕಾಫ್ ಮತ್ತು ಜಾನ್ಸನ್ ಎಂಬ ವಿದ್ವಾಂಸರು ಮತ್ತೂ ಒಂದು ಹೆಜ್ಜೆ ಮುಂದೆ ಹೋದರು. ನಾವು ರೂಪಕದಲ್ಲಿ ಮಾತಾಡುವದಷ್ಟೇ ಅಲ್ಲ, ರೂಪಕದಲ್ಲಿಯೇ ಯೋಚಿಸುವೆವು ಎಂದರು. ವಾದವನ್ನು ಯುದ್ಧವೆಂದು ಭಾವಿಸುವದು ಅವರ ಪ್ರಸಿದ್ಧ ಉದಾಹರಣೆ. ಕೋರ್ಟಿನಲ್ಲಿ ದಿನ ಕಳೆಯುವ ನಮಗೆ ಇದನ್ನು ಯಾರೂ ಕಲಿಸಬೇಕಿಲ್ಲ. ಎದುರಾಳಿಯ ಮಾತನ್ನು 'ಖಂಡಿಸು'ವೆವು, ಎಂದರೆ ತುಂಡರಿಸುವೆವು, ಗೆಲ್ಲುವೆವು, ಸೋಲುವೆವು. ಈ ಮಾತುಗಳಲ್ಲಿಯೇ ಬೆಳೆದವನಿಗೆ ಎದುರು ಪಕ್ಷದಲ್ಲಿಯೂ ಕೊಂಚ ನ್ಯಾಯವಿರಬಹುದೆಂಬುದು ಹೊಳೆಯುವದು ತಡವಾಗಿ.

ನಾವು ಇಲ್ಲಿಗೆ ಬಂದದ್ದು ಮುಖ್ಯವಾಗಿ ಮುಂದಿನ ಮಾತಿಗಾಗಿ. ಮುಂಬಯಿ, ಮದ್ರಾಸು, ಹೈದರಾಬಾದು, ಮೈಸೂರು, ಕೊಡಗು ಎಂಬ ಐದು ಆಡಳಿತಗಳಲ್ಲಿದ್ದ ಕನ್ನಡಿಗರು ಒಂದಾಗಬೇಕೆಂದು ಹೋರಾಡಿದ ಕಾಲದಲ್ಲಿ ಜನರನ್ನು ಎಬ್ಬಿಸಿದ್ದು ಅಂಕಿಸಂಖ್ಯೆಗಳಲ್ಲ, ರೂಪಕಗಳು. ತಾಯಿಯ ಅಂಗಾಂಗಗಳನ್ನು ಕಡಿದಿದ್ದಾರೆ ಎಂದರು. ಒಂದೇ ಮನೆಯ ಅಣ್ಣತಮ್ಮಂದಿರನ್ನು ಬೇರೆ ಮಾಡಿದ್ದಾರೆ ಎಂದರು. ನಾಡು ಹರಿದು ಹಂಚಿಹೋಗಿದೆ ಎಂದರು. ಹಳೆಯ ಮೈಸೂರಿನಲ್ಲಿ ಅಂಜಿದವರೂ ರೂಪಕದಲ್ಲಿಯೇ ಅಂಜಿದರು: ಹಿಂದುಳಿದ ಜಿಲ್ಲೆಗಳ 'ಭಾರ' ತಮ್ಮ ಮೇಲೆ ಬೀಳುವದೆಂದರು. ಕೊನೆಗೆ 1956ರ ನವೆಂಬರ 1ರಂದು ರಾಜ್ಯವು 'ಮೈದಾಳಿತು'; 1973ರಲ್ಲಿ ಅದಕ್ಕೆ ಕರ್ನಾಟಕವೆಂಬ ಹೆಸರು ಬಂತು.

ಈ ಮೂರು ಮಾತೂ ಒಂದೇ ಅಲ್ಲ. ಕಡಿದ ಕೈ ಮತ್ತೆ ಕೂಡದು. ಕೂಡಿಸಲಾಗದ ನೋವು ಸಿಟ್ಟಾಗಿ ಉಳಿಯುವದು. ಮನೆಯ ಮಾತು ಬೇರೆ. ಕಲ್ಯಾಣದಲ್ಲಿ ಚಾಲುಕ್ಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದ ವಿಜ್ಞಾನೇಶ್ವರನು ಬರೆದ ಮಿತಾಕ್ಷರವು ಹಿಸ್ಸೆಯಾದ ಕುಟುಂಬವು ಮತ್ತೆ ಕೂಡಬಹುದೆಂದು ಒಪ್ಪುತ್ತದೆ. ಅದಕ್ಕೆ ಸಂಸೃಷ್ಟಿಯೆಂದು ಹೆಸರು. ಆದರೆ ಯಾರೊಡನೆ ಬೇಕಾದರೂ ಅಲ್ಲ. ತಂದೆ, ಅಣ್ಣತಮ್ಮ, ಚಿಕ್ಕಪ್ಪ ದೊಡ್ಡಪ್ಪಂದಿರೊಡನೆ ಮಾತ್ರ. ಆ ರೂಪಕಕ್ಕೆ ಕಟ್ಟುಬಿದ್ದರೆ ಮನೆಯಲ್ಲಿ ಹುಟ್ಟದವನು ಎಂದೆಂದಿಗೂ ಹೊರಗಿನವನೇ. ಬಟ್ಟೆಯ ರೂಪಕವೇ ನಮಗೆ ಹೆಚ್ಚು ಹಿಡಿಸುವದು. ಹರಿದದ್ದನ್ನು ಹೊಲಿಯಬಹುದು, ಹೊಲಿಯುವ ದಾರ ಅದೇ ಬಟ್ಟೆಯದಾಗಿರಬೇಕೆಂಬ ನಿಯಮವಿಲ್ಲ.

ಇದು ನಿಮ್ಮ ಶಾಲೆಯ ಮಾತೂ ಹೌದು. 1953ರ ಅಕ್ಟೋಬರ 1ರಂದು ಆಂಧ್ರ ರಾಜ್ಯವು ಹುಟ್ಟಿದಾಗ ಬಳ್ಳಾರಿ ಜಿಲ್ಲೆಯ ಏಳು ತಾಲ್ಲೂಕುಗಳು ಮೈಸೂರಿಗೆ ಬಂದವು. ಆದವಾನಿ, ಆಲೂರು, ರಾಯದುರ್ಗಗಳು ಆ ಕಡೆಗೆ ಹೋದವು. ರಾಯದುರ್ಗವು ಈ ತಾಲ್ಲೂಕಿನ ನೆರೆಮನೆ. ಅಲ್ಲಿ ಕನ್ನಡದ ಮನೆಗಳುಂಟು, ಇಲ್ಲಿ ತೆಲುಗಿನ ಮನೆಗಳುಂಟು. ನಾಡನ್ನು ಬರಿಯ ಒಡಲೆಂದೇ ಕಲಿಸಿದರೆ ಹಿಂದಿನ ಬೆಂಚಿನಲ್ಲಿ ಕುಳಿತ ತೆಲುಗು ಮನೆಮಾತಿನ ಮಗು ತಾನೇನೆಂದು ತಿಳಿಯಬೇಕು? ಆ ಒಡಲಲ್ಲಿ ನಟ್ಟ ಮುಳ್ಳೆಂದೇ? ತಾಯಿಯೆನ್ನುವದನ್ನು ಬಿಡಿರೆಂದು ನಾವು ಹೇಳುವವರಲ್ಲ. ಆ ಒಂದು ಮಾತಿಗಾಗಿ ಜನ ಸೆರೆಮನೆಗೂ ಹೋದರು. ಆದರೆ ತಾಯಿಯೆಂಬುದು ರೂಪಕವೆಂದು ಹುಡುಗರಿಗೆ ತಿಳಿದಿರಲಿ. ರೂಪಕವು ಒಂದನ್ನು ತೋರಿಸುವಾಗ ಇನ್ನೊಂದನ್ನು ಮರೆಮಾಡುವದೆಂಬುದೂ ತಿಳಿದಿರಲಿ.

ಒಂದು ಕೆಲಸವನ್ನು ನಿಮ್ಮಿಂದ ಬೇಡುವೆವು. ಕೆರೆಯನ್ನು ಸಮುದ್ರವೆನ್ನುವದು ನಮ್ಮ ಸೊತ್ತು ಮಾತ್ರವಲ್ಲ. ಅನಂತಪುರದ ಪಕ್ಕದಲ್ಲಿ ಬುಕ್ಕರಾಯಸಮುದ್ರವಿದೆ. ಆದುದರಿಂದ ಸೂಜಿಯ ಕಣ್ಣು, ಕೆರೆಯ ಅಂಗಳ, ಹಾಸುಹೊಕ್ಕು ಇಂಥ ಮಾತುಗಳಿಗೆ ತಮ್ಮ ಮನೆಯಲ್ಲಿ ಏನೆನ್ನುವರೆಂದು ಎಲ್ಲ ಮಕ್ಕಳನ್ನೂ ಕೇಳಿರಿ. ಅಜ್ಜಿಯರನ್ನು ಕೇಳಿಬರಲು ಹೇಳಿರಿ. ಒಂದು ಹಾಳೆಯಲ್ಲಿ ಕನ್ನಡವನ್ನೂ ಅದರ ಪಕ್ಕಕ್ಕೆ ತೆಲುಗನ್ನೂ ಕನ್ನಡ ಅಕ್ಷರದಲ್ಲಿಯೇ ಬರೆಯಿಸಿ, ಹಿಂಗಾರಿನ ಕೆಲಸ ಮೊದಲಾಗುವ ಮುಂಚೆ ಕಳುಹಿಸಿಕೊಟ್ಟರೆ, ಈ ಪತ್ರಿಕೆಯಲ್ಲಿ ಅದಕ್ಕೆ ಒಂದು ಪುಟವನ್ನು ಕೊಡುವಂತೆ ಸಂಪಾದಕರನ್ನು ಕೇಳುವ ಹೊಣೆ ನಮ್ಮದು.