ಒಂದು ಚಿತ್ರ ಸಾಲದು

ಸಿಂಧನೂರು, ಲಿಂಗಸುಗೂರು, ಮಸ್ಕಿ ತಾಲ್ಲೂಕುಗಳಿಂದ ತುರ್ವಿಹಾಳಕ್ಕೆ ಬಂದಿರುವ ಛಾಯಾಗ್ರಾಹಕ ಮಿತ್ರರೆ, ಸ್ಟುಡಿಯೊ ನಡೆಸುವ ಬಂಧುಗಳೆ, ಅಧ್ಯಾಪಕರೆ, ವಿದ್ಯಾರ್ಥಿಗಳೆ,

ಐವತ್ತು ರೂಪಾಯಿಯ ಹೊಸ ನೋಟಿನ ಹಿಂಬದಿಯಲ್ಲಿ ಹಂಪಿಯ ಕಲ್ಲಿನ ರಥವಿದೆ. ಕರ್ನಾಟಕದಲ್ಲಿ ಇಷ್ಟು ಸಲ ಕ್ಯಾಮೆರಾಕ್ಕೆ ಸಿಕ್ಕ ವಸ್ತು ಬೇರೆ ಇರಲಾರದು. ದಿನವೂ ನೂರಾರು ಜನ ಅದೇ ಕೋನದಿಂದ, ಅದೇ ಇಳಿಬಿಸಿಲಿನಲ್ಲಿ ಅದನ್ನು ತೆಗೆಯುತ್ತಾರೆ, ಮತ್ತು ಎಲ್ಲರ ಚಿತ್ರವೂ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ. 1856ರಲ್ಲಿ ಮದ್ರಾಸ್ ಸೇನೆಯ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ ಮೇಣ ಹಿಡಿಸಿದ ಕಾಗದದ ದೊಡ್ಡ ನೆಗೆಟಿವ್‌ಗಳ ಮೇಲೆ ಹಂಪಿಯನ್ನು ಸೆರೆಹಿಡಿದ. ಅವನ ಚಿತ್ರದಲ್ಲಿ ಈ ರಥದ ನೆತ್ತಿಯ ಮೇಲೆ ಇಟ್ಟಿಗೆಯ ಶಿಖರವೊಂದು ನಿಂತಿದೆ. ಈಗ ಅದಿಲ್ಲ. ಆ ಚಿತ್ರವನ್ನು ಒಮ್ಮೆ ನೋಡಿದವರು ರಥದ ಎದುರು ನಿಂತಾಗ ಮೊದಲಿನಂತೆ ಕ್ಯಾಮೆರಾ ಎತ್ತಲಾರರು. ಶಿಖರ ಯಾವಾಗ ಇಳಿಯಿತು, ಸುತ್ತಲಿನ ಮಂಟಪಗಳಲ್ಲಿ ಇನ್ನೇನು ಬದಲಾಗಿದೆ ಎಂದು ಕಣ್ಣು ಹುಡುಕತೊಡಗುತ್ತದೆ. ಈ ಹುಡುಕಾಟವನ್ನು ಎಬ್ಬಿಸುವ ಶಕ್ತಿಗೆ ನಾನು ಸ್ಫೂರ್ತಿ ಎನ್ನುತ್ತೇನೆ. ನನ್ನ ವಾದ ಇಷ್ಟೇ: ಬಿಡಿ ಚಿತ್ರದಲ್ಲಿ ಈ ಶಕ್ತಿ ಅಪರೂಪ. ಒಬ್ಬರು ಒಂದು ಜಾಗವನ್ನೋ ವಿಷಯವನ್ನೋ ಹಿಡಿದು ಕೂತು ತೆಗೆದ ಚಿತ್ರಗಳನ್ನು ಸಾಲಾಗಿ, ಊರು, ಕಾಲ, ಹೆಸರುಗಳ ಸಮೇತ ನೋಡಿದಾಗ ಅದು ನಮ್ಮೊಳಗೆ ಇಳಿಯುತ್ತದೆ. ಗ್ರೀನ್‌ಲಾನ ಶಿಖರವೂ 1856 ಎಂಬ ಇಸವಿ ಜೊತೆಗಿಲ್ಲದಿದ್ದರೆ ನಮಗೆ ಒಂದು ಕುತೂಹಲ ಮಾತ್ರ ಆಗಿ ಉಳಿಯುತ್ತಿತ್ತು.

ಒಳ್ಳೆಯ ಚಿತ್ರಗಳಿಗೆ ನಮಗೀಗ ಬರವಿಲ್ಲ. ಹಿಂದೆ ದೊಡ್ಡ ಗ್ರಂಥಾಲಯಗಳಿಗೆ ಹೋದರೂ ಸಿಗದಿದ್ದ ಜಗತ್ತಿನ ಶ್ರೇಷ್ಠ ಛಾಯಾಗ್ರಾಹಕರು ಹೊಲದ ಬದುವಿನ ಮೇಲೆ ಕೂತವರ ಅಂಗೈಗೂ ಬಂದಿದ್ದಾರೆ. ಇದು ಸಣ್ಣ ಭಾಗ್ಯವಲ್ಲ. ಆದರೆ ಅವರು ಬರುವ ರೀತಿ ನೋಡಿ. ಆಫ್ರಿಕಾದ ಚಿರತೆಯೊಂದು ಬರುತ್ತದೆ, ಅದರ ಬೆನ್ನಿಗೆ ಯಾರದೋ ಮದುವೆ, ಅದರ ಬೆನ್ನಿಗೆ ಯುದ್ಧದಲ್ಲಿ ಉರಿದ ಮನೆ. ತೆಗೆದವರ ಹೆಸರಿಲ್ಲ, ಊರಿಲ್ಲ, ಅದಕ್ಕೆ ಮುಂಚಿನ ಮತ್ತು ಅನಂತರದ ಚಿತ್ರಗಳಿಲ್ಲ. ಕಣ್ಣು ಬೆರಗಾಗುವಷ್ಟರಲ್ಲಿ ಬೆರಳು ಮುಂದಕ್ಕೆ ಸರಿದಿರುತ್ತದೆ. ಹೀಗೆ ನೋಡಿದ ಸಾವಿರ ಚಿತ್ರಗಳಿಂದ ನಮ್ಮಲ್ಲಿ ಉಳಿಯುವುದು ಒಂದು ಬಣ್ಣದ ಛಾಯೆ, ಒಂದು ಡ್ರೋನ್ ಎತ್ತರ, ಮಸುಕಾದ ಹಿನ್ನೆಲೆಯ ಒಂದು ಚಾಳಿ. ಸಂಡೂರಿನ ಗುಡ್ಡವನ್ನೂ ಸಿಂಧನೂರಿನ ಗದ್ದೆಯನ್ನೂ ಯುರೋಪಿನ ಯಾವುದೋ ಕಣಿವೆಯನ್ನೂ ಒಂದೇ ಕಿತ್ತಳೆ ಬೆಳಕಿನಲ್ಲಿ ಅದ್ದಿ ತೆಗೆದ ಚಿತ್ರಗಳು ಇಷ್ಟೊಂದು ಹೆಚ್ಚಿರುವುದಕ್ಕೆ ಈ ನೋಡುವ ಕ್ರಮವೇ ಕಾರಣವೆಂದು ನನ್ನ ನಂಬಿಕೆ.

ಈ ಸೀಮೆಗೆ ತೀರ ಹತ್ತಿರದ ಉದಾಹರಣೆ ಕೊಡುತ್ತೇನೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಕ್ರಸ್ಟ್ ಗೇಟು ಚೈನ್ ತುಂಡಾಗಿ ಕೊಚ್ಚಿಹೋಯಿತು. ಮರುದಿನ ಬೆಳಗಾಗುವ ಹೊತ್ತಿಗೆ ನೊರೆಯುಕ್ಕಿ ಧುಮುಕುವ ನೀರಿನ ಚಿತ್ರ ಎಲ್ಲರ ಫೋನಿನಲ್ಲಿತ್ತು. ಚಿತ್ರವಾಗಿ ಅದು ಭಯಂಕರವೂ ಹೌದು, ಸುಂದರವೂ ಹೌದು. ಎಡದಂಡೆ ಕಾಲುವೆಯನ್ನು ನಂಬಿ ಬದುಕುವ ಈ ಭಾಗದವರಿಗೆ ಆ ನೀರಿನ ಅರ್ಥ ಅದರಲ್ಲಿ ಕಾಣುವಂಥದ್ದಲ್ಲ. ಸಸಿಮಡಿ ಹಾಕಿದವರು ನಾಟಿ ಮಾಡುವುದೋ ಬಿಡುವುದೋ ಎಂದು ತೂಗಿದ್ದು, ಎರಡನೇ ಬೆಳೆಯ ಲೆಕ್ಕ ತಲೆಕೆಳಗಾಗುವ ಭಯ, ಕಾಲುವೆಯ ಕೊನೆಭಾಗದ ರೈತ ಮೇಲ್ಭಾಗದವನ ಕಡೆ ನೋಡಿದ ನೋಟ, ಕೂಲಿಗೆ ಬರುವ ಹೆಂಗಸರು ಕೆಲಸ ಸಿಗುವುದೋ ಇಲ್ಲವೋ ಎಂದು ಕೇಳಿದ್ದು, ತಾತ್ಕಾಲಿಕ ಗೇಟು ಕೂಡಿಸುವ ಸುದ್ದಿಗೆ ಹಳ್ಳಿ ಕಟ್ಟೆಗಳಲ್ಲಿ ಕಾದು ಕುಳಿತ ಮುಖಗಳು. ಇವನ್ನೆಲ್ಲ ಹೇಳಲು ಒಂದು ಚಿತ್ರ ಸಾಲದು. ಅಣೆಕಟ್ಟಿನಿಂದ ಹೊಲದ ತೂಬಿನವರೆಗೆ ನೀರು ಹಿಡಿದ ದಾರಿಯನ್ನೇ ಹಿಡಿದು ನಡೆದ ಚಿತ್ರಮಾಲೆಯೊಂದು ಬೇಕು. ಅಂಥ ಮಾಲೆ ಕಟ್ಟುವ ಆಸೆ, ಅಂಥವನ್ನು ಮೊದಲೇ ನೋಡಿದವರಲ್ಲಿ ಹುಟ್ಟುತ್ತದೆ.

ಇಲ್ಲಿ ಮೊದಲ ಆಕ್ಷೇಪ ಎದುರಾಗುತ್ತದೆ, ಮತ್ತು ಅದು ಹಳೆಯದು. ಬೇರೆಯವರ ಶ್ರೇಷ್ಠ ಕೆಲಸವನ್ನು ಇಷ್ಟು ಆಳವಾಗಿ ನೋಡಿದರೆ ನಮ್ಮದೆಂಬುದು ಉಳಿಯುತ್ತದೆಯೆ? ನಕಲು ಮಾಡುವವರಾಗುವುದಿಲ್ಲವೆ? ಇದಕ್ಕೆ ಹಂಪಿಯೇ ಉತ್ತರ ಕೊಡುತ್ತದೆ. ಆಸ್ಟ್ರೇಲಿಯಾದ ವಾಸ್ತುಶಿಲ್ಪ ಛಾಯಾಗ್ರಾಹಕ ಜಾನ್ ಗೋಲಿಂಗ್ಸ್ 1983ರಲ್ಲಿ ಗ್ರೀನ್‌ಲಾನ ಚಿತ್ರಗಳನ್ನು ಕೈಯಲ್ಲಿ ಹಿಡಿದು, ಅವನು ಕ್ಯಾಮೆರಾ ಇಟ್ಟ ಜಾಗಗಳನ್ನೇ ಹುಡುಕಿ, ಅಲ್ಲಿಂದಲೇ ಮತ್ತೆ ತೆಗೆದರು. ಇದಕ್ಕಿಂತ ನಿಷ್ಠೆಯ ಅನುಕರಣೆ ಇರಲು ಸಾಧ್ಯವೆ? ಫಲವಾಗಿ ಬಂದದ್ದು ಮಾತ್ರ ನಕಲಲ್ಲ. ಎರಡು ಚಿತ್ರಗಳನ್ನು ಅಕ್ಕಪಕ್ಕ ಇಟ್ಟರೆ ನಡುವಿನ 127 ವರ್ಷ ಕಣ್ಣಿಗೆ ಕಾಣುತ್ತದೆ: ಯಾವ ಗೋಡೆ ಕುಸಿಯಿತು, ಯಾವುದು ದುರಸ್ತಿಯಾಯಿತು, ಎಲ್ಲಿ ಗಿಡಗಂಟಿ ಬೆಳೆಯಿತು. ಹಳೆಯವನೂ ಒಬ್ಬನೇ ತೋರಿಸಲಾಗದ, ಹೊಸಬರೂ ಒಬ್ಬರೇ ತೋರಿಸಲಾಗದ ಸಂಗತಿ ಅದು. ನಿಜವಾದ ನಕಲು ಹುಟ್ಟುವುದು ಅರೆಬರೆ ನೋಡಿದಾಗ. ಚಿತ್ರದ ಮೇಲ್ಮೈ ಮಾತ್ರ ನೆನಪಿದ್ದವರು ಮೇಲ್ಮೈಯನ್ನೇ ಎತ್ತಿಕೊಳ್ಳುತ್ತಾರೆ. ಛಾಯಾಗ್ರಾಹಕ ಎಲ್ಲಿ ನಿಂತ, ಏಕೆ ನಿಂತ ಎಂದು ತಿಳಿದವರಿಗೆ ತಾವು ಎಲ್ಲಿ ನಿಲ್ಲಬೇಕೆಂಬುದೂ ಹೊಳೆಯತೊಡಗುತ್ತದೆ.

ಫೋನಿನ ದೋಷ ಹೇಳಿದ ಮಾತ್ರಕ್ಕೆ ಆನ್‌ಲೈನ್ ಲೋಕವನ್ನೇ ದೂರ ತಳ್ಳುವುದು ಅನ್ಯಾಯ. ಹಳ್ಳಿಯ ವಿದ್ಯಾರ್ಥಿಗೆ ಸಿಗಬಹುದಾದ ಅತ್ಯುತ್ತಮ ಪಾಠಶಾಲೆಯೂ ಅಲ್ಲಿಯೇ ಇದೆ, ಶುಲ್ಕವಿಲ್ಲದೆ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ 1935ರಿಂದ 1944ರವರೆಗೆ ಅಲ್ಲಿನ ಸರ್ಕಾರ ತೆಗೆಸಿದ ಗ್ರಾಮೀಣ ಮತ್ತು ದುಡಿಯುವ ಬದುಕಿನ ಸುಮಾರು 1,75,000 ಕಪ್ಪುಬಿಳುಪು ನೆಗೆಟಿವ್‌ಗಳಿವೆ. ಅವನ್ನು ಯಾರು ಬೇಕಾದರೂ ತೆರೆದು ನೋಡಬಹುದು. 1936ರಲ್ಲಿ ಕ್ಯಾಲಿಫೋರ್ನಿಯಾದ ನಿಪೋಮೊದಲ್ಲಿ ಡೊರೊಥಿಯಾ ಲ್ಯಾಂಗ್ ತೆಗೆದ ವಲಸೆ ಕೂಲಿ ತಾಯಿಯ ಚಿತ್ರ ಜಗತ್ಪ್ರಸಿದ್ಧ. ಅದು ಒಂದೇ ಕ್ಲಿಕ್ಕಿನಲ್ಲಿ ಸಿಕ್ಕದ್ದಲ್ಲ ಎಂಬುದು ಆ ಸಂಗ್ರಹವನ್ನು ತೆರೆದವರಿಗೆ ಕಾಣುತ್ತದೆ. ಮೊದಲು ದೂರದಿಂದ ಇಡೀ ಗುಡಾರ, ಮಕ್ಕಳು, ಸಾಮಾನು. ಆಮೇಲೆ ಹತ್ತಿರ, ಇನ್ನೂ ಹತ್ತಿರ. ಕೊನೆಗೆ ಮಕ್ಕಳಿಬ್ಬರು ಮುಖ ತಿರುಗಿಸಿ ತಾಯಿಯ ಭುಜಕ್ಕೆ ಒರಗಿದಾಗ ಆ ಚಿತ್ರ. ಕ್ಯಾಮೆರಾ ಹಿಡಿದವರು ಒಂದೊಂದು ಹೆಜ್ಜೆಗೂ ಏನು ಬಿಟ್ಟರು, ಏನು ಉಳಿಸಿಕೊಂಡರು ಎಂಬುದನ್ನು ಈ ಕೆಲವೇ ಚಿತ್ರಗಳು ಕಲಿಸುವಷ್ಟು ಯಾವ ತರಬೇತಿ ಪುಸ್ತಕವೂ ಕಲಿಸದು. ಪ್ರಸಿದ್ಧ ಚಿತ್ರವನ್ನು ಮಾತ್ರ ಹಂಚಿಕೊಂಡವರಿಗೆ ಈ ಪಾಠ ದಕ್ಕುವುದಿಲ್ಲ.

ನಮ್ಮವರನ್ನೇ ನೋಡೋಣ. ಸಂಡೂರಿನ ರಾಜಮನೆತನದ ಎಂ.ವೈ. ಘೋರ್ಪಡೆಯವರು ದೇವರಾಜ ಅರಸರ ಸಂಪುಟದಲ್ಲಿ ರಾಜ್ಯದ ಹಣಕಾಸು ಸಚಿವರಾಗಿದ್ದರು. ವನ್ಯಜೀವಿ ಛಾಯಾಗ್ರಹಣದಲ್ಲಿ ಅವರ ಹೆಸರು ದೇಶದಾಚೆಗೂ ಹೋಗಿದೆ. 1983ರಲ್ಲಿ ಬಂದ ಅವರ ‘ಸನ್‌ಲೈಟ್ ಅಂಡ್ ಶ್ಯಾಡೋಸ್’ ಪುಸ್ತಕವನ್ನು ಮೊದಲಿಂದ ಕೊನೆಯವರೆಗೆ ನೋಡಬೇಕು. ಬಣ್ಣದ ಕಾಲದಲ್ಲೂ ಕಪ್ಪುಬಿಳುಪನ್ನು ಕೈಬಿಡದೆ, ಪ್ರಾಣಿಯ ಮೈಮೇಲೆ ಬೀಳುವ ಬೆಳಕಿಗೆ ಕಾದು ಕುಳಿತವರ ಸ್ವಭಾವ ಆಗ ತಿಳಿಯುತ್ತದೆ. ಮೈಸೂರಿನ ಟಿ.ಎಸ್. ಸತ್ಯನ್ ಅವರದು ಬೇರೆಯದೇ ದಾರಿ. ಶಾಲೆಗೆ ಹೋಗುವ ಮಕ್ಕಳು, ಸಂತೆ, ಆಸ್ಪತ್ರೆ, ಬೀದಿಯ ಆಟ: ಸುದ್ದಿಯಾಗದ ಬದುಕೇ ಅವರ ವಸ್ತು. 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವರು ತೆಗೆದ ಮಕ್ಕಳ ಚಿತ್ರಗಳ ಪ್ರದರ್ಶನವನ್ನು ಯೂನಿಸೆಫ್ ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಏರ್ಪಡಿಸಿತು. ಅಲ್ಲಿಗೆ ಹೋದದ್ದು ಯಾವುದೋ ಒಂದು ಅದ್ಭುತ ಕ್ಷಣವಲ್ಲ, ದಶಕಗಳ ಕಾಲ ಮಕ್ಕಳನ್ನು ಗೌರವದಿಂದ ನೋಡುತ್ತ ಬಂದ ಒಂದು ಕಣ್ಣು. ಘೋರ್ಪಡೆ ಮತ್ತು ಸತ್ಯನ್ ಇಬ್ಬರದೂ ಬಿಡಿ ಚಿತ್ರಗಳು ಚೆನ್ನಾಗಿಯೇ ಇವೆ. ಆದರೆ ಅವರಿಂದ ಕಲಿಯಬೇಕಾದ ತಾಳ್ಮೆ ಬಿಡಿ ಚಿತ್ರದಲ್ಲಿ ಕಾಣಿಸದು.

ಎರಡನೇ ಆಕ್ಷೇಪ ಪ್ರದರ್ಶನಗಳ ಬಗ್ಗೆ. ಅವು ಊರಿಂದ ದೂರ. ಬೆಂಗಳೂರಿನ ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೋಗ್ರಫಿ 2020ರ ಡಿಸೆಂಬರಿನಲ್ಲಿ ಆನ್‌ಲೈನ್‌ನಲ್ಲೇ ಬಾಗಿಲು ತೆರೆದು, 2023ರಲ್ಲಿ ಕಸ್ತೂರಬಾ ರಸ್ತೆಯ ಕಟ್ಟಡದಲ್ಲಿ ಜನರಿಗೆ ಮುಕ್ತವಾಯಿತು. ತುರ್ವಿಹಾಳದ ಹುಡುಗಿಯೊಬ್ಬಳು ಅಲ್ಲಿಗೆ ಹೋಗಿಬರಬೇಕೆಂದರೆ ಎರಡು ರಾತ್ರಿಯ ಬಸ್ಸು, ಅಷ್ಟೂ ದಿನದ ಕೂಲಿ ಅಥವಾ ಕಾಲೇಜು ಬಿಡಬೇಕು. ಫೋನ್ ಇರುವಾಗ ಪ್ರದರ್ಶನದ ಗೋಜೇಕೆ ಎಂದು ಕೇಳುವವರ ಮಾತಿನಲ್ಲಿ ನಿಜವಿದೆ. ಆದರೂ ಗೋಡೆಯ ಮೇಲಿನ ದೊಡ್ಡ ಚಿತ್ರ ಮಾಡುವ ಕೆಲಸವನ್ನು ಪರದೆ ಮಾಡಲಾರದು. ಅಲ್ಲಿ ಚಿತ್ರ ಸರಿಯುವುದಿಲ್ಲ, ನೋಡುವವರು ನಡೆಯಬೇಕು. ಮುಂದಿನ ಚಿತ್ರಕ್ಕೆ ಹೋಗುವಾಗ ಹಿಂದಿನದು ಕಣ್ಣಂಚಿನಲ್ಲಿ ಇರುತ್ತದೆ, ಬೇಕೆಂದರೆ ತಿರುಗಿ ಬರಬಹುದು. ಪಕ್ಕದಲ್ಲಿ ನಿಂತವರು ನಮಗೆ ಕಾಣದ್ದನ್ನು ಬೆರಳಿಟ್ಟು ತೋರಿಸುತ್ತಾರೆ.

ದೂರದ ಸಮಸ್ಯೆಗೆ ಪತ್ರಕರ್ತ ಪಿ. ಸಾಯಿನಾಥ್ ತಮ್ಮ ‘ವಿಸಿಬಲ್ ವರ್ಕ್, ಇನ್‌ವಿಸಿಬಲ್ ವಿಮೆನ್’ ಪ್ರದರ್ಶನದಲ್ಲಿ ಉತ್ತರ ಕೊಟ್ಟಿದ್ದಾರೆ. 1993ರಿಂದ 2002ರವರೆಗೆ ಹತ್ತು ರಾಜ್ಯಗಳಲ್ಲಿ, ದುಡಿಯುವ ಹಳ್ಳಿ ಹೆಂಗಸರನ್ನು ಕುರಿತು ಅವರು ತೆಗೆದ ಚಿತ್ರಗಳವು. ಒಂದೊಂದು ಬಗೆಯ ದುಡಿಮೆಗೆ ಒಂದೊಂದು ಫಲಕ, ಜೊತೆಗೆ ಓದಲು ಬರಹ. ಅವನ್ನು ಗ್ಯಾಲರಿಯಲ್ಲಿ ಕಟ್ಟಿಡದೆ ಬಸ್ ನಿಲ್ದಾಣಗಳಲ್ಲಿ, ಕಾರ್ಖಾನೆಗಳ ಬಾಗಿಲಲ್ಲಿ, ಕೃಷಿ ಕೂಲಿಕಾರರ ಸಮಾವೇಶಗಳಲ್ಲಿ, ಶಾಲೆಗಳಲ್ಲಿ ನಿಲ್ಲಿಸಿದರು. ಭಾರತದಲ್ಲಿ 7 ಲಕ್ಷಕ್ಕೂ ಹೆಚ್ಚು ಜನ ಅದನ್ನು ನೋಡಿದರು. ಅದೇ ಪ್ರದರ್ಶನ ಈಗ ಗ್ರಾಮೀಣ ಭಾರತದ ಬದುಕನ್ನು ದಾಖಲಿಸುವ ‘ಪರಿ’ ಜಾಲತಾಣದಲ್ಲಿ, ಫಲಕಗಳ ಕ್ರಮ ಕೆಡದಂತೆ, ಬರಹದ ಸಮೇತ ಇದೆ. ಪ್ರದರ್ಶನವೋ ಆನ್‌ಲೈನೋ ಎಂಬ ಜಗಳವನ್ನು ಈ ಉದಾಹರಣೆ ಅರ್ಥಹೀನ ಮಾಡುತ್ತದೆ. ಸಾಲು ಮುರಿಯದೆ, ಮಾತು ಕಳಚದೆ ಇಟ್ಟರೆ ಎರಡು ಕಡೆಯೂ ಚಿತ್ರ ಬದುಕುತ್ತದೆ. ಸಿಂಧನೂರಿನ ಗದ್ದೆಗಳಲ್ಲಿ ಸೊಂಟ ಬಗ್ಗಿಸಿ ನಾಟಿ ಮಾಡುವವರೂ ಹೆಂಗಸರೇ ಎಂಬುದನ್ನು ನೆನೆದರೆ, ಈ ಭಾಗದ ಛಾಯಾಗ್ರಾಹಕರು ಮೊದಲು ಕೂತು ನೋಡಬೇಕಾದ ಕೆಲಸ ಇದೇ ಎಂದು ನನಗೆ ಅನ್ನಿಸುತ್ತದೆ.

ಚಿತ್ರದ ಜೊತೆ ಮಾತಿರಬೇಕು ಎಂದಾಗ ಕಲಾವಿದರು ಮುಖ ಗಂಟಿಕ್ಕುವುದುಂಟು. ಚಿತ್ರ ತಾನೇ ಮಾತಾಡಬೇಕು ಎನ್ನುತ್ತಾರೆ. ಮಸ್ಕಿಯ ಶಾಸನದ ಬಂಡೆಯನ್ನು ನೋಡಿ. 1915ರಲ್ಲಿ ಗಣಿ ಎಂಜಿನಿಯರ್ ಬೀಡನ್ ಕಣ್ಣಿಗೆ ಬಿದ್ದ ಆ ಶಾಸನವನ್ನು ಎಚ್. ಕೃಷ್ಣಶಾಸ್ತ್ರಿಗಳು ಓದಿ, ಹೈದರಾಬಾದ್ ಪುರಾತತ್ವ ಮಾಲೆಯಲ್ಲಿ ಪ್ರಕಟಿಸಿದ್ದರಿಂದ ದೇವಾನಾಂಪ್ರಿಯ ಎನ್ನಿಸಿಕೊಂಡ ಅರಸ ಅಶೋಕನೇ ಎಂಬುದು ಗಟ್ಟಿಯಾಯಿತು. ಬಂಡೆಯ ಮೇಲೆ ಆ ಹೆಸರು ಎರಡು ಸಾವಿರ ವರ್ಷಗಳಿಂದ ಕಣ್ಣೆದುರೇ ಇತ್ತು. ಅದರ ಸ್ಥಳ, ಓದು, ವಿವರಣೆ ಒಟ್ಟಿಗೆ ಸೇರಿದಾಗ ಅದು ಇತಿಹಾಸವಾಯಿತು. ಇಂದು ನಾವು ತೆಗೆಯುವ ಗದ್ದೆಯ ಚಿತ್ರಕ್ಕೂ ಇದೇ ಮಾತು. ಹಳ್ಳಿಯ ಹೆಸರು, ತಿಂಗಳು, ಭತ್ತದ ತಳಿ, ಕಾಲುವೆಯ ಉಪಶಾಖೆ ಬರೆದಿಟ್ಟರೆ ಐವತ್ತು ವರ್ಷದ ನಂತರ ಅದು ದಾಖಲೆ.

ಮದುವೆ ಸೀಸನ್ನಿನ ಸಂಪಾದನೆಯಲ್ಲಿ ವರ್ಷ ಕಳೆಯುವ ಸ್ಟುಡಿಯೊದವರಿಗೆ ಇದರಿಂದ ಏನು ಎಂಬ ಪ್ರಶ್ನೆಯೂ ಬರುತ್ತದೆ. ಅವರಿಗೆ ಚಿತ್ರಮಾಲೆ ಹೊಸದೇನಲ್ಲ. ಅರಿಶಿನ, ಸುರಗಿ, ಅಕ್ಕಿಕಾಳು, ಹೆಣ್ಣೊಪ್ಪಿಸುವುದು ಎಂದು ಆಲ್ಬಮ್ಮಿನ ಕ್ರಮ ಅವರ ಕೈಗೆ ರೂಢಿಯಾಗಿದೆ. ಅದೇ ಕೌಶಲವನ್ನು ವರ್ಷಕ್ಕೊಂದು ಹತ್ತು ದಿನ ಬೇರೆ ವಸ್ತುವಿಗೆ ತಿರುಗಿಸಿ ಎಂದಷ್ಟೇ ಕೇಳುತ್ತಿದ್ದೇನೆ.

ಎಲ್ಲಕ್ಕಿಂತ ಕಠಿಣ ಆಕ್ಷೇಪ ಚಿತ್ರದೊಳಗಿನವರದು. ಲ್ಯಾಂಗ್ ಆ ತಾಯಿಯ ಹೆಸರು ಕೇಳಿ ಬರೆದುಕೊಳ್ಳಲಿಲ್ಲ. ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಎಂಬ ಹೆಸರು ಲೋಕಕ್ಕೆ ತಿಳಿದದ್ದು 1978ರಲ್ಲಿ. ತನ್ನ ಮುಖ ಜಗತ್ತೆಲ್ಲ ಸುತ್ತಿದರೂ ತನಗೆ ಅದರಿಂದ ಏನೂ ದಕ್ಕಲಿಲ್ಲ ಎಂಬ ನೋವು ಆಕೆಗಿತ್ತು. ಬಡವರ ದುಡಿಮೆಯನ್ನು ಸುಂದರವಾಗಿ ತೋರಿಸುತ್ತಾರೆ ಎಂಬ ಟೀಕೆಯನ್ನು ಛಾಯಾಗ್ರಾಹಕ ಸೆಬಾಸ್ಟಿಯೊ ಸಾಲ್ಗಾಡೊ ಕೂಡ ಕೊನೆಯವರೆಗೆ ಎದುರಿಸಿದರು. ಈ ಆಕ್ಷೇಪವನ್ನು ವಾದದಿಂದ ಗೆಲ್ಲಲು ಆಗುವುದಿಲ್ಲ, ಗೆಲ್ಲಬಾರದು ಕೂಡ. ಕೆಲಸದ ಕ್ರಮವನ್ನೇ ಬದಲಿಸಬೇಕು. ಇಲ್ಲಿ ತೆಗೆದ ಚಿತ್ರ ಮೊದಲು ಇಲ್ಲಿಯೇ ಗೋಡೆ ಏರಲಿ, ಸಂತೆಯ ದಿನ, ಬಸ್ ನಿಲ್ದಾಣದಲ್ಲಿ. ನಾಟಿ ಮಾಡಿದವರು ತಮ್ಮ ಚಿತ್ರದ ಕೆಳಗಿನ ಕನ್ನಡ ಬರಹ ಓದಿಯೋ ಓದಿಸಿಕೊಂಡೋ, ಹೆಸರು ತಪ್ಪಿದ್ದರೆ ತಿದ್ದಿಸಲಿ, ಬೇಡವೆಂದರೆ ಇಳಿಸಲು ಹೇಳಲಿ. ಆಮೇಲೆ ಅದು ಫೋನಿಗೂ ಬೆಂಗಳೂರಿಗೂ ಹೋಗಲಿ. ಇವತ್ತಿನ ಗೋಷ್ಠಿಗಳಲ್ಲಿ ಕ್ಯಾಮೆರಾ, ಲೆನ್ಸ್, ಎಡಿಟಿಂಗ್ ಬಗ್ಗೆ ತಿಳಿದವರು ಮಾತಾಡಲಿದ್ದಾರೆ. ಅವರೊಂದಿಗೆ ಈ ವಿಷಯವನ್ನೂ ನೀವು ಚರ್ಚೆಗೆ ಎತ್ತಿಕೊಳ್ಳಬೇಕು: ಮುಂದಿನ ನಾಟಿಯ ಹಂಗಾಮಿನಲ್ಲಿ ಯಾವ ಹಳ್ಳಿಯನ್ನು ಯಾರು ಹಿಡಿಯುತ್ತೀರಿ, ಬರಹ ಯಾರು ಬರೆಯುತ್ತೀರಿ, ಮೊದಲ ಫಲಕಗಳನ್ನು ಯಾವ ನಿಲ್ದಾಣದ ಗೋಡೆಗೆ ಕಟ್ಟುತ್ತೀರಿ.