ಎಚ್.ಐ.ವಿ.ಯೊಡನೆ ಬದುಕುವವರನ್ನು ಕಾಡುವ ಇತರ ಕಾಯಿಲೆಗಳು

(ಹೊರನಾಡ ಕನ್ನಡಿಗರ ಆರೋಗ್ಯ ತಿಳಿವಳಿಕೆ ಸಭೆಯೊಂದರಲ್ಲಿ ಮಾಡಿದ ಭಾಷಣ)



ನಾನು ವೈದ್ಯನಲ್ಲ. ಕನ್ನಡದಲ್ಲಿ ಎಂ.ಎ. ಮಾಡಿ ದೆಹಲಿಯ ಸಚಿವಾಲಯವೊಂದರಲ್ಲಿ ಅನುವಾದಕನಾಗಿರುವವನು. ಆರೋಗ್ಯ ಸಂಬಂಧವಾದ ಕಿರುಹೊತ್ತಗೆಗಳನ್ನು ಕನ್ನಡಕ್ಕೆ ತರುವ ಕಾಲದಲ್ಲಿ ವೈದ್ಯರ ಬಳಿ ಕುಳಿತು ಕೇಳಿ ತಿಳಿದುಕೊಂಡ ಸಂಗತಿಗಳನ್ನೇ ಇಂದು ತಮ್ಮ ಮುಂದೆ ಇಡುತ್ತಿದ್ದೇನೆ. ತಪ್ಪಿದರೆ ತಿದ್ದಲು ವೈದ್ಯರು ಇಲ್ಲಿಯೇ ಇದ್ದಾರೆ.

ಈ ಕೆಲಸದಲ್ಲಿ ನನಗೆ ಮೊದಲು ಎದುರಾದ ತೊಡಕು ಒಂದು ಶಬ್ದದ್ದು. ಆರೋಗ್ಯವಂತರ ಮೈಯಲ್ಲಿ ತೆಪ್ಪಗಿದ್ದು, ದೇಹ ದುರ್ಬಲವಾದಾಗ ಮಾತ್ರ ತಲೆಯೆತ್ತುವ ಸೋಂಕುಗಳನ್ನು ಏನೆಂದು ಕರೆಯಬೇಕು? 'ಅವಕಾಶವಾದಿ ಸೋಂಕು' ಎಂದು ಬರೆದರೆ ಓದುಗರಿಗೆ ಪಕ್ಷಾಂತರಿಗಳ ನೆನಪಾದೀತೆಂದು ಮೇಲಧಿಕಾರಿಗಳು ನಕ್ಕರು. ಕೊನೆಗೆ 'ಸಮಯಸಾಧಕ ಸೋಂಕು' ಎಂಬುದನ್ನೇ ಉಳಿಸಿಕೊಂಡೆವು. ರೋಗದ ಬೆನ್ನಿಗೆ ಬರುವ ತೊಂದರೆಗೆ ಆಯುರ್ವೇದದಲ್ಲಿ 'ಉಪದ್ರವ' ಎಂಬ ಒಳ್ಳೆಯ ಮಾತಿದೆ. ಎಚ್.ಐ.ವಿ.ಯ ವಿಷಯದಲ್ಲಿ ಉಪದ್ರವವೇ ಮೂಲ ರೋಗಕ್ಕಿಂತ ಮೊದಲು ಕಣ್ಣಿಗೆ ಬೀಳುತ್ತದೆ.

ಇತಿಹಾಸವೂ ಹಾಗೆಯೇ ಇದೆ. 1981ರ ಜೂನ್ ತಿಂಗಳಲ್ಲಿ ಅಮೆರಿಕೆಯ ಲಾಸ್ ಏಂಜಲೀಸ್ ನಗರದ ಐವರು ತರುಣರಲ್ಲಿ, ಸಾಮಾನ್ಯವಾಗಿ ಅಂಥವರಿಗೆ ಬಾರದ ನ್ಯುಮೋಸಿಸ್ಟಿಸ್ ಎಂಬ ಶ್ವಾಸಕೋಶದ ಸೋಂಕು ಕಂಡುಬಂದಿತೆಂಬ ವರದಿ ಪ್ರಕಟವಾಯಿತು. ಅದಕ್ಕೆ ಕಾರಣವಾದ ವೈರಸ್ಸಿಗೆ ಆಗ ಹೆಸರೂ ಇರಲಿಲ್ಲ. ನಮ್ಮ ದೇಶದಲ್ಲಿ 1986ರಲ್ಲಿ ಮದರಾಸಿನಲ್ಲಿ ಡಾ. ಸುನೀತಿ ಸೊಲೊಮನ್ ಅವರ ಮಾರ್ಗದರ್ಶನದಲ್ಲಿ ವಿದ್ಯಾರ್ಥಿನಿ ಸೆಲ್ಲಪ್ಪನ್ ನಿರ್ಮಲಾ ಅವರು ಸಂಗ್ರಹಿಸಿದ ರಕ್ತದ ಮಾದರಿಗಳಿಂದ ಸೋಂಕು ಇರುವುದು ಮೊದಲಬಾರಿಗೆ ತಿಳಿದುಬಂದಿತು.

ವೈರಸ್ಸು ಮಾಡುವುದಿಷ್ಟು: ನಮ್ಮ ರಕ್ತದಲ್ಲಿರುವ ಸಿ.ಡಿ.4 ಎಂಬ ಬಿಳಿಕಣಗಳನ್ನು ಹೊಕ್ಕು ಅವುಗಳನ್ನು ನಾಶಪಡಿಸುತ್ತದೆ. ಸೋಂಕು ಬಂದಾಗ ರಕ್ಷಣಾಪಡೆಗೆ ಆಜ್ಞೆ ಕೊಡುವ ಕಣಗಳು ಇವು. ಆರೋಗ್ಯವಂತರಲ್ಲಿ ರಕ್ತದ ಒಂದು ಘನ ಮಿಲಿಮೀಟರಿನಲ್ಲಿ ಸಾಮಾನ್ಯವಾಗಿ 500ಕ್ಕೂ ಹೆಚ್ಚು ಇರುತ್ತವೆ. ಚಿಕಿತ್ಸೆಯಿಲ್ಲದೆ ವರ್ಷಗಳು ಕಳೆದಂತೆ ಈ ಸಂಖ್ಯೆ ಇಳಿಯುತ್ತದೆ. ಇಳಿತದ ಒಂದೊಂದು ಮೆಟ್ಟಿಲಿನಲ್ಲಿ ಒಂದೊಂದು ಕಾಯಿಲೆ ಕಾದಿರುತ್ತದೆ. ಸರ್ಪಸುತ್ತು ಸಾಕಷ್ಟು ಮೊದಲೇ ಬರಬಹುದು. ಬಾಯಲ್ಲಿ ಬಿಳಿಯ ಪೊರೆ, ನುಂಗುವಾಗ ನೋವು ಮುಂದಿನ ಸೂಚನೆ. 200ಕ್ಕಿಂತ ಕೆಳಗಿಳಿದರೆ ಒಣಕೆಮ್ಮು ಮತ್ತು ಏದುಸಿರಿನೊಡನೆ ನ್ಯುಮೋಸಿಸ್ಟಿಸ್. 100ಕ್ಕಿಂತ ಕೆಳಗೆ ಮೆದುಳಿನ ಸೋಂಕುಗಳು. 50ಕ್ಕಿಂತ ಕೆಳಗೆ ಕಣ್ಣಿನ ಅಕ್ಷಿಪಟಲವನ್ನೇ ತಿನ್ನುವ ವೈರಸ್ ಸೋಂಕು. ಕಣ್ಣೆದುರು ಕಪ್ಪು ಚುಕ್ಕೆಗಳು ತೇಲಿದಂತಾದರೆ ಅಂಥವರು ಕನ್ನಡಕದ ಅಂಗಡಿಗೆ ಹೋಗದೆ ವೈದ್ಯರಲ್ಲಿಗೆ ಹೋಗಬೇಕು.

ಸರ್ಪಸುತ್ತಿನ ತಲೆಬಾಲ ಕೂಡಿದರೆ ಪ್ರಾಣ ಹೋಗುತ್ತದೆಂಬ ನಂಬಿಕೆ ನಮ್ಮ ಹಳ್ಳಿಗಳಲ್ಲಿ ಇಂದಿಗೂ ಇದೆ. ಅದು ಹಾಗಲ್ಲ. ಆದರೆ ನಡುವಯಸ್ಸು ತಲುಪದವರಿಗೆ ಸರ್ಪಸುತ್ತು ಬಂದರೆ ಎಚ್.ಐ.ವಿ. ಪರೀಕ್ಷೆ ಮಾಡಿಸಿಕೊಳ್ಳುವಂತೆ ವೈದ್ಯರು ಸೂಚಿಸುವುದುಂಟು. ಅದರಲ್ಲಿ ಅವಮಾನವೇನೂ ಇಲ್ಲ.

ಎಲ್ಲಕ್ಕಿಂತ ಹೆಚ್ಚು ಹೇಳಬೇಕಾದುದು ಕ್ಷಯರೋಗದ ಬಗೆಗೆ. ಎಚ್.ಐ.ವಿ.ಯೊಡನೆ ಬದುಕುವವರ ಸಾವಿಗೆ ಜಗತ್ತಿನಲ್ಲಿಯೇ ಅತಿ ದೊಡ್ಡ ಕಾರಣ ಅದೇ. ನಮ್ಮ ದೇಶದಲ್ಲಿ ಬಹಳ ಜನರ ಮೈಯಲ್ಲಿ ಕ್ಷಯದ ರೋಗಾಣುಗಳು ನಿದ್ರಿಸುತ್ತಿರುತ್ತವೆ. ಅಂಥ ಸಾಮಾನ್ಯ ವ್ಯಕ್ತಿಗೆ ಇಡೀ ಜೀವಮಾನದಲ್ಲಿ ರೋಗ ಬರುವ ಸಂಭವ ನೂರಕ್ಕೆ 5ರಿಂದ 10. ಚಿಕಿತ್ಸೆ ಪಡೆಯದ ಎಚ್.ಐ.ವಿ. ಸೋಂಕಿತರಿಗೆ ಒಂದೇ ವರ್ಷದಲ್ಲಿ ಅಷ್ಟು ಸಂಭವವಿದೆ. ಇನ್ನೊಂದು ಕಷ್ಟವೆಂದರೆ, ಇಂಥವರಲ್ಲಿ ಕ್ಷಯ ತನ್ನ ಎಂದಿನ ರೂಪದಲ್ಲಿ ಕಾಣಿಸಿಕೊಳ್ಳದು. ಎದೆಯ ಎಕ್ಸ್-ರೇ ಸ್ವಚ್ಛವಾಗಿಯೇ ಕಾಣಬಹುದು. ಕಫವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೂ ರೋಗಾಣು ಸಿಗದಿರಬಹುದು. ಶ್ವಾಸಕೋಶವನ್ನು ಬಿಟ್ಟು ಗ್ರಂಥಿ, ಹೊಟ್ಟೆ, ಮೆದುಳಿನ ಪೊರೆಗಳಲ್ಲಿ ಅದು ಅಡಗಿರಬಹುದು. ಎರಡು ವಾರ ಕೆಮ್ಮಿದ್ದರೆ ಪರೀಕ್ಷಿಸಿ ಎಂಬ, ಗೋಡೆಗಳ ಮೇಲೆ ನಾವೆಲ್ಲ ಓದಿರುವ ಸೂತ್ರ ಇವರಿಗೆ ಸಾಲದು. ಎಷ್ಟೇ ದಿನದ ಕೆಮ್ಮಾಗಲಿ, ಜ್ವರವಾಗಲಿ, ತೂಕ ಇಳಿಯುವುದಾಗಲಿ, ರಾತ್ರಿ ಬೆವರುವುದಾಗಲಿ, ಈ ನಾಲ್ಕರಲ್ಲಿ ಒಂದಿದ್ದರೂ ಸಾಕು, ರೋಗಾಣುವಿನ ವಂಶವಾಹಿಯನ್ನೇ ಗುರುತಿಸುವ ಹೊಸ ಯಂತ್ರದಲ್ಲಿ ಕಫ ಪರೀಕ್ಷೆಯಾಗಬೇಕು. ನಾಲ್ಕೂ ಇಲ್ಲದವರಿಗೆ, ವೈದ್ಯರು ತಪಾಸಣೆ ಮಾಡಿದ ಬಳಿಕ, ಕ್ಷಯ ಬಾರದಂತೆ ತಡೆಯುವ ಮಾತ್ರೆಗಳನ್ನು ಕೊಡುತ್ತಾರೆ.

ಈಗ ನಾನೇ ಪಾತ್ರಧಾರಿಯಾಗಿದ್ದ ಒಂದು ಪ್ರಸಂಗ. ಸಂಬಂಧಪಟ್ಟವರು ಹೆಸರಿಲ್ಲದೆ ಹೇಳಲು ಒಪ್ಪಿಗೆ ಕೊಟ್ಟಿದ್ದಾರೆ. ಕೆಲವು ವರ್ಷಗಳ ಹಿಂದೆ ನಮ್ಮ ಕಡೆಯ ಹೋಟೆಲ್ ಕಾರ್ಮಿಕರೊಬ್ಬರಿಗೆ ಹಿಂದಿ ಸರಿಯಾಗಿ ಬಾರದೆಂದು ಅವರೊಡನೆ ದೆಹಲಿಯ ಆಸ್ಪತ್ರೆಗೆ ಹೋಗಿದ್ದೆ. ಮೂರು ವಾರದಿಂದ ತಲೆನೋವು. ಬಿಸಿಲಿಗೆ ಬಂದದ್ದೆಂದು ಅಂಗಡಿಯ ಮಾತ್ರೆ ನುಂಗುತ್ತಿದ್ದರು. ವೈದ್ಯೆ ಕೇಳಿದ ಒಂದೊಂದು ಪ್ರಶ್ನೆಯನ್ನೂ ನಾನು ಅಚ್ಚುಕಟ್ಟಾಗಿ ಕನ್ನಡಿಸಿದೆ. "ಬೇರೆ ಯಾವುದಾದರೂ ಔಷಧವನ್ನು ನಿತ್ಯ ಸೇವಿಸುತ್ತಿದ್ದಿರಾ?" ಎಂದಾಗ ಆತ ಒಮ್ಮೆ ನನ್ನ ಮುಖ ನೋಡಿ "ಇಲ್ಲ ಸಾರ್" ಎಂದರು. ಆ ನೋಟ ನನಗೆ ಅರ್ಥವಾಗಲಿಲ್ಲ, ವೈದ್ಯೆಗೆ ಅರ್ಥವಾಯಿತು. ನನ್ನನ್ನು ಹೊರಗೆ ಕುಳಿತಿರಲು ಹೇಳಿದರು. ಹತ್ತು ನಿಮಿಷದ ಹರುಕುಮುರುಕು ಹಿಂದಿಯಲ್ಲಿ ಆತ ಹೇಳಿದ್ದು, ನನ್ನ ಶುದ್ಧ ಅನುವಾದ ಮುಚ್ಚಿಟ್ಟದ್ದನ್ನು. ಊರಿನಲ್ಲಿ ಎಚ್.ಐ.ವಿ.ಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದರು; ದೆಹಲಿಗೆ ಬಂದ ಮೇಲೆ, ಕೋಣೆಯಲ್ಲಿ ಜೊತೆಗಿದ್ದವರಿಗೆ ಡಬ್ಬಿ ಕಂಡೀತೆಂದು ಬಿಟ್ಟಿದ್ದರು. ಸಂಘದ ಕಾರ್ಯಕ್ರಮಗಳಿಗೆ ಬರುವ ನಾನು ಅವರ ಪಾಲಿಗೆ ಊರಿನ ಕಣ್ಣಾಗಿದ್ದೆ.

ಬೆನ್ನುಹುರಿಯ ದ್ರವವನ್ನು ತೆಗೆದು ನೋಡಿದಾಗ ಕ್ರಿಪ್ಟೊಕಾಕಸ್ ಎಂಬ ಶಿಲೀಂಧ್ರ ಸಿಕ್ಕಿತು. ಮಣ್ಣಿನಲ್ಲಿ, ಪಾರಿವಾಳದ ಹಿಕ್ಕೆಯಲ್ಲಿ ಇರುವ ಈ ಶಿಲೀಂಧ್ರ ಉಸಿರಿನೊಡನೆ ಎಲ್ಲರ ಮೈಯನ್ನೂ ಸೇರಬಲ್ಲುದು. ಸಿ.ಡಿ.4 ಕಣಗಳು ತೀರ ಕಡಿಮೆಯಾದವರಲ್ಲಿ ಹೆಚ್ಚಾಗಿ ಮೆದುಳಿನ ಪೊರೆಗೆ ಏರುತ್ತದೆ. ಚಿಕಿತ್ಸೆಯಿಲ್ಲದಿದ್ದರೆ ಸಾವು ಖಚಿತ. ತಲೆಯೊಳಗಿನ ಒತ್ತಡವನ್ನು ಇಳಿಸಲು ದ್ರವವನ್ನು ಮತ್ತೆ ಮತ್ತೆ ತೆಗೆದರು, ವಾರಗಟ್ಟಲೆ ಶಿಲೀಂಧ್ರನಾಶಕ ಔಷಧ ಕೊಟ್ಟರು. ಆತ ಬದುಕಿದರು.

ಅವರು ಆಸ್ಪತ್ರೆಯಲ್ಲಿದ್ದಾಗ ನನ್ನನ್ನು ಕಾಡಿದ ಪ್ರಶ್ನೆ ಬೇರೆ. ಎಚ್.ಐ.ವಿ. ಮಾತ್ರೆಗಳನ್ನು ಅಂದೇ ಏಕೆ ಮತ್ತೆ ಆರಂಭಿಸಲಿಲ್ಲ? ವೈದ್ಯೆಯ ಉತ್ತರ ಸೋಜಿಗವೆನಿಸಿತು. ಸೋತ ರಕ್ಷಣಾಪಡೆ ಔಷಧದಿಂದ ಥಟ್ಟನೆ ಚೇತರಿಸಿಕೊಂಡರೆ, ಮೈಯಲ್ಲಿರುವ ರೋಗಾಣುಗಳ ಮೇಲೆ ಒಮ್ಮೆಲೇ ಎರಗುತ್ತದೆ. ಆ ಕದನದ ಉರಿಯೂತವೇ ಪ್ರಾಣಕ್ಕೆ ಎರವಾಗಬಹುದು. ಇಕ್ಕಟ್ಟಾದ ತಲೆಬುರುಡೆಯೊಳಗಂತೂ ಊದಿಕೊಳ್ಳಲು ಎಡೆಯಿಲ್ಲ. ಉಗಾಂಡ ಮತ್ತು ದಕ್ಷಿಣ ಆಫ್ರಿಕಗಳಲ್ಲಿ ಈ ಕಾಯಿಲೆಯ 177 ಮಂದಿಯ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸುಮಾರು ಐದು ವಾರ ಕಾದು ಎಚ್.ಐ.ವಿ. ಚಿಕಿತ್ಸೆ ಆರಂಭಿಸಿದವರೇ ಹೆಚ್ಚು ಬದುಕಿ ಉಳಿದರು. ಶ್ವಾಸಕೋಶದ ಕ್ಷಯದಲ್ಲಿ ಇದಕ್ಕೆ ತದ್ವಿರುದ್ಧ. ಕಾಂಬೋಡಿಯದಲ್ಲಿ 661 ಮಂದಿಯ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನದಂತೆ, ರಕ್ಷಣಾಶಕ್ತಿ ಬಹಳ ಕುಗ್ಗಿದವರಿಗೆ ಎಂಟು ವಾರ ಕಾಯದೆ ಎರಡೇ ವಾರದಲ್ಲಿ ಎಚ್.ಐ.ವಿ. ಮಾತ್ರೆ ಕೊಟ್ಟಾಗ ಸಾವುಗಳು ಸುಮಾರು ಮೂರನೆಯ ಒಂದರಷ್ಟು ತಗ್ಗಿದವು. ಒಂದೇ ಮಾತ್ರೆ, ಒಂದು ಕಡೆ ಅವಸರ, ಇನ್ನೊಂದು ಕಡೆ ತಾಳ್ಮೆ. ಆದ್ದರಿಂದಲೇ ಬಿಟ್ಟ ಮಾತ್ರೆಯನ್ನು ತಲೆನೋವು ಬಂದಿತೆಂದು ತಾವೇ ಮತ್ತೆ ನುಂಗತೊಡಗುವುದು ಅಪಾಯಕರ. ಹಾಗೆಯೇ, ಚಿಕಿತ್ಸೆ ಆರಂಭವಾದ ಮೊದಲ ವಾರಗಳಲ್ಲಿ ಜ್ವರ ಬಂದರೆ, ಗ್ರಂಥಿಗಳು ಊದಿದರೆ ಮಾತ್ರೆ ಒಗ್ಗಲಿಲ್ಲವೆಂದು ನಿಲ್ಲಿಸಕೂಡದು, ವೈದ್ಯರಿಗೆ ತೋರಿಸಬೇಕು.

ಸರ್ಕಾರದ ಉಚಿತ ಚಿಕಿತ್ಸೆ 2004ರ ಏಪ್ರಿಲ್ 1ರಂದು ಆರಂಭವಾಯಿತು. ಆ ಕಾಲದ ಕೆಲವು ಮಾತ್ರೆಗಳಿಂದ ಕೆನ್ನೆ ಬತ್ತುವುದು, ಪಾದ ಉರಿಯುವುದು, ರಕ್ತಹೀನತೆ ಮುಂತಾದ ತೊಂದರೆಗಳಾಗುತ್ತಿದ್ದವು. ಅದನ್ನು ಕಂಡವರು ಇಂದಿಗೂ ಹೆದರಿಸುತ್ತಾರೆ. ಈಗಿನ ಡಾಲುಟೆಗ್ರಾವಿರ್ ಕೂಡಿದ ದಿನಕ್ಕೊಂದು ಮಾತ್ರೆ ಬಹುಮಟ್ಟಿಗೆ ಸೌಮ್ಯವಾದುದು. 2017ರಿಂದ ಸಿ.ಡಿ.4 ಎಷ್ಟೇ ಇರಲಿ, ಸೋಂಕು ಖಚಿತವಾದ ಎಲ್ಲರಿಗೂ ಚಿಕಿತ್ಸೆ ಕೊಡಲಾಗುತ್ತಿದೆ. ಆದರೂ ಎಚ್ಚರ ಬೇಕಾದ ಕಡೆಗಳಿವೆ. ಹೊಟ್ಟೆಯುರಿಗೆ ನಾವು ಯೋಚಿಸದೆ ಕುಡಿಯುವ ಆಂಟಾಸಿಡ್ ಈ ಮಾತ್ರೆಯನ್ನು ಮೈಗೆ ಹತ್ತಗೊಡದು. ಆಂಟಾಸಿಡ್‌ಗೆ ಎರಡು ಗಂಟೆ ಮೊದಲು ಅಥವಾ ಆರು ಗಂಟೆ ಅನಂತರ ಮಾತ್ರೆ ತೆಗೆದುಕೊಳ್ಳಬೇಕು. ಕಬ್ಬಿಣದ ಹಾಗೂ ಕ್ಯಾಲ್ಸಿಯಂ ಮಾತ್ರೆಗಳ ವಿಷಯದಲ್ಲಿಯೂ ವೈದ್ಯರನ್ನು ಕೇಳಬೇಕು. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಇದರ ಬಲವನ್ನು ಕುಗ್ಗಿಸುವುದರಿಂದ, ಆ ಅವಧಿಯಲ್ಲಿ ಡಾಲುಟೆಗ್ರಾವಿರನ್ನು ದಿನಕ್ಕೆ ಎರಡು ಬಾರಿ ಕೊಡುತ್ತಾರೆ. ಒಂದು ಆಸ್ಪತ್ರೆಯ ಔಷಧವನ್ನು ಇನ್ನೊಂದು ಆಸ್ಪತ್ರೆಯಲ್ಲಿ ಮುಚ್ಚಿಟ್ಟರೆ ಈ ಲೆಕ್ಕವೆಲ್ಲ ತಪ್ಪುತ್ತದೆ.

ಚಿಕಿತ್ಸೆಯಲ್ಲಿ ವರ್ಷಗಳನ್ನು ಕಳೆದವರಿಗೆ ಹೃದಯ, ಮೂತ್ರಪಿಂಡ, ಮೂಳೆಗಳ ತೊಂದರೆ ಮತ್ತು ಸಕ್ಕರೆ ಕಾಯಿಲೆಯ ಕಡೆಗೆ ಗಮನ ಬೇಕು. ಬೀಡಿ ಸಿಗರೇಟು ಬಿಡುವುದು ಇವರಿಗೆ ಇನ್ನಷ್ಟು ಅಗತ್ಯ. ಎಚ್.ಐ.ವಿ. ಇರುವ ಮಹಿಳೆಯರಿಗೆ ಗರ್ಭಕಂಠದ ಕ್ಯಾನ್ಸರ್ ಬರುವ ಸಂಭವ ಇತರರಿಗಿಂತ ಸುಮಾರು ಆರು ಪಟ್ಟು ಹೆಚ್ಚು. ಆದರೆ ಅದು ಕ್ಯಾನ್ಸರ್ ಆಗುವ ಮುನ್ನವೇ ಸರಳ ಪರೀಕ್ಷೆಯಿಂದ ಪತ್ತೆಯಾಗುತ್ತದೆ. ನಮ್ಮ ತಾಯಂದಿರು, ಅಕ್ಕತಂಗಿಯರು ಈ ಪರೀಕ್ಷೆಯನ್ನು ಕೇಳಿ ಮಾಡಿಸಿಕೊಳ್ಳಲು ಸಂಕೋಚಪಡಬಾರದು.

ಊರು ಬಿಟ್ಟು ಬಂದವರಿಗಾಗಿ ಎರಡು ಮಾತು. ಚಿಕಿತ್ಸಾ ಕೇಂದ್ರವನ್ನು ಒಂದು ಊರಿನಿಂದ ಇನ್ನೊಂದಕ್ಕೆ ವರ್ಗಾಯಿಸಿಕೊಳ್ಳಬಹುದು. ಹೊರಡುವ ಮುನ್ನ ಅಲ್ಲಿಯ ಆಪ್ತಸಮಾಲೋಚಕರಿಗೆ ತಿಳಿಸಿ ಕಾಗದಪತ್ರಗಳನ್ನು ಪಡೆದುಕೊಳ್ಳಬೇಕು. 2018ರ ಸೆಪ್ಟೆಂಬರಿನಿಂದ ಜಾರಿಯಲ್ಲಿರುವ 2017ರ ಕಾಯಿದೆಯಂತೆ, ಒಬ್ಬರ ಸೋಂಕಿನ ಸ್ಥಿತಿಯನ್ನು ಅವರ ಒಪ್ಪಿಗೆಯಿಲ್ಲದೆ ಬಹಿರಂಗಪಡಿಸುವುದನ್ನೂ ಆ ಕಾರಣಕ್ಕೆ ಕೆಲಸದಿಂದ ತೆಗೆಯುವುದನ್ನೂ ನಿಷೇಧಿಸಲಾಗಿದೆ. ಮಾಹಿತಿಗೆ 1097 ಎಂಬ ಸಂಖ್ಯೆಗೆ ಶುಲ್ಕವಿಲ್ಲದೆ ಕರೆ ಮಾಡಬಹುದು.

ನಾನು ಹೇಳಿದ ಮಿತ್ರರು ಈಗ ಮೊದಲಿನಂತೆ ಕೆಲಸಕ್ಕೆ ಹೋಗುತ್ತಿದ್ದಾರೆ. ಮಾತ್ರೆಗಳನ್ನು ಜೀವಸತ್ವದ ಖಾಲಿ ಡಬ್ಬಿಯೊಂದರಲ್ಲಿ ಇಟ್ಟುಕೊಂಡಿದ್ದಾರಂತೆ. ಆಸ್ಪತ್ರೆಗೆ ಈಗ ಒಬ್ಬರೇ ಹೋಗುತ್ತಾರೆ, ನನ್ನನ್ನು ಕರೆಯುವುದಿಲ್ಲ. ಇನ್ನು ತಮ್ಮ ಪ್ರಶ್ನೆಗಳಿಗೆ ವೈದ್ಯರು ಉತ್ತರಿಸುತ್ತಾರೆ. ಎದ್ದು ನಿಂತು ಕೇಳಲು ಇಷ್ಟವಿಲ್ಲದವರು ಚೀಟಿಯಲ್ಲಿ ಬರೆದು ಕಳುಹಿಸಬಹುದು, ಹೆಸರು ಬರೆಯಬೇಕಾಗಿಲ್ಲ.