ಬೀಜ ತಿರುಗಿಸುವ ಕೈ, ಬೀಜ ತಿರುಗಿಸುವ ಯಂತ್ರ

(ಪುತ್ತೂರಿನಲ್ಲಿ ಸೇರಿದ್ದ ಗೇರುಬೀಜ ಕೆಲಸಗಾರರ ಮತ್ತು ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ಪುತ್ತೂರು, ಸುಳ್ಯ, ಕಡಬದ ಕಡೆಯಿಂದ ಇಷ್ಟು ಜನ, ಅದರಲ್ಲೂ ಇಷ್ಟು ಮಂದಿ ಹೆಂಗಸರು, ಕೆಲಸ ಬಿಟ್ಟವರು ಮನೆಗೂ ಹೋಗದೆ ಇಲ್ಲಿಗೆ ಬಂದಿದ್ದೀರಿ. ಆದ್ದರಿಂದ ಪೀಠಿಕೆ ಹಾಕದೆ ವಿಷಯಕ್ಕೆ ಬರುತ್ತೇವೆ. ಗೇರುಬೀಜದ ಕಾರ್ಖಾನೆಗಳಿಗೆ ತಾನಾಗಿಯೇ ಬೀಜ ಒಡೆಯುವ ಯಂತ್ರ ಬಂದಿದೆ. ಬಣ್ಣ ನೋಡಿ ತಿರುಳು ಬೇರ್ಪಡಿಸುವ ಯಂತ್ರವೂ ಬಂದಿದೆ. ನಮ್ಮ ಅನ್ನ ಹೋಗುತ್ತದೆಯೇ ಎಂಬುದು ನಿಮ್ಮ ಪ್ರಶ್ನೆ. ಉತ್ತರಕ್ಕೆ ಮೊದಲು ಆ ಯಂತ್ರ ಏನು ಮಾಡುತ್ತದೆ ಎಂಬುದನ್ನು ತಿಳಿಯೋಣ. ತಿಳಿಯದೆ ಧಣಿಯ ಎದುರು ಮಾತುಕತೆಗೆ ಕುಳಿತರೆ ಅವರು ಹೇಳಿದ್ದೇ ವೇದವಾಗುತ್ತದೆ.

ದೊಡ್ಡ ಊರುಗಳ ಕಾರ್ಖಾನೆಗಳಲ್ಲಿ ಸ್ಕ್ರೂ, ಬಾಟಲಿ ಮುಚ್ಚಳ, ಔಷಧದ ಗುಳಿಗೆ ಇವೆಲ್ಲ ರಾಶಿಯಾಗಿ ಬರುತ್ತವೆ. ರಾಶಿಯಿಂದ ಯಂತ್ರಕ್ಕೆ ಪ್ರಯೋಜನವಿಲ್ಲ. ಒಂದರ ಹಿಂದೆ ಒಂದು, ಎಲ್ಲವೂ ಒಂದೇ ಮುಖವಾಗಿ ಬಂದರೆ ಮಾತ್ರ ಅದು ಕೆಲಸ ಮಾಡೀತು. ಅದಕ್ಕಾಗಿ ಒಂದು ನಡುಗುವ ಬೋಗುಣಿಯನ್ನು ಮಾಡಿದ್ದಾರೆ. ಒಳಗೋಡೆಯ ಸುತ್ತ ಸುರುಳಿಯಾಗಿ ಏರುವ ಒಂದು ದಾರಿ; ಅಡಿಯಲ್ಲಿ ವಿದ್ಯುತ್ತಿನ ಅಯಸ್ಕಾಂತ. ಅದು ಬೋಗುಣಿಯನ್ನು ಸೆಕೆಂಡಿಗೆ ಹತ್ತಾರು ಸಲ ನಡುಗಿಸುತ್ತದೆ. ಸ್ಕ್ರೂಗಳು ಕಣ್ಣಿಗೆ ಕಾಣದಷ್ಟು ಸಣ್ಣ ಜಿಗಿತ ಹಾಕುತ್ತ ದಾರಿ ಏರುತ್ತವೆ. ದಾರಿಯಲ್ಲಿ ಒಂದೆಡೆ ಇಕ್ಕಟ್ಟು, ಇನ್ನೊಂದೆಡೆ ಸೀಳು. ಸರಿಯಾಗಿ ಬಂದ ಸ್ಕ್ರೂ ಮುಂದೆ ಹೋಗುತ್ತದೆ. ಅಡ್ಡಡ್ಡ ಬಂದದ್ದು ಜಾರಿ ಮತ್ತೆ ಬೋಗುಣಿಗೆ ಬೀಳುತ್ತದೆ, ಪುನಃ ಏರುತ್ತದೆ. ಇಲ್ಲಿ ಬುದ್ಧಿಯೂ ಇಲ್ಲ, ಕಣ್ಣೂ ಇಲ್ಲ. ತಪ್ಪಿದ್ದನ್ನು ಬೀಳಿಸುವ ಉಪಾಯವಿದೆ, ಅಷ್ಟೆ. ಗೆರಸೆಯಲ್ಲಿ ಅಕ್ಕಿ ಕೇರುವ ತಾಯಂದಿರಿಗೆ ನಾವು ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಆದರೆ ಸ್ಕ್ರೂಗಳೆಲ್ಲ ಒಂದೇ ಅಚ್ಚಿನವು. ಗೇರುಬೀಜ ಹಾಗಲ್ಲ. ಒಂದು ದಪ್ಪ, ಒಂದು ಸಪೂರ, ಎಲ್ಲವೂ ಬಾಗಿದವು. ನಮ್ಮ ಜಿಲ್ಲೆಯಲ್ಲಿ ಬೀಜವನ್ನು ಹಬೆಯಲ್ಲಿ ಬೇಯಿಸಿ, ಕಟ್ಟಿಂಗ್ ಮೇಜಿನಲ್ಲಿ ಎರಡು ಅಲಗುಗಳ ನಡುವೆ ಒಂದೊಂದಾಗಿ ಇಟ್ಟು, ಕಾಲಿನಿಂದ ತುಳಿದು, ಕೈಯಿಂದ ಹಿಡಿ ಎಳೆದು ಒಡೆಯುವುದು ರೂಢಿ. ಇದರಲ್ಲಿ ಮುಖ್ಯ ಕೆಲಸ ತುಳಿಯುವುದಲ್ಲ. ಬೀಜದ ಹೊಟ್ಟೆ ಯಾವ ಕಡೆ, ಬೆನ್ನು ಯಾವ ಕಡೆ ಎಂದು ಬೆರಳಿನಲ್ಲೇ ತಿಳಿದು, ಅಲಗಿಗೆ ಸರಿಯಾಗಿ ತಿರುಗಿಸಿ ಇಡುವುದೇ ಮುಖ್ಯ. ತಿರುಗಿಸುವುದು ತಪ್ಪಿದರೆ ಅಲಗು ತಿರುಳಿಗೆ ತಾಗಿ ಇಡೀ ಬೊಂಡು ತುಂಡಾಗುತ್ತದೆ, ಬೆಲೆ ಇಳಿಯುತ್ತದೆ. ಸಿಪ್ಪೆಯ ಎಣ್ಣೆ ತಾಗಿ ಕೈ ಸುಡುತ್ತಿರುವಾಗಲೂ, ಬೂದಿಯನ್ನೋ ಎಣ್ಣೆಯನ್ನೋ ಸವರಿಕೊಂಡು, ದಿನಕ್ಕೆ ಸಾವಿರಾರು ಸಲ ಇದನ್ನು ತಪ್ಪದೆ ಮಾಡುವವರು ಈ ಸಭೆಯಲ್ಲಿ ಕುಳಿತಿದ್ದಾರೆ. ಇದಕ್ಕೆ 'ಹೆಂಗಸರ ಸುಲಭ ಕೆಲಸ' ಎಂದು ಹೆಸರು!

ಹೊಸ ಯಂತ್ರವೂ ಇದನ್ನೇ ಮಾಡಲು ಹೆಣಗುತ್ತದೆ. ಮೊದಲು ತೂತುಗಳಿರುವ ತಿರುಗುವ ಪೀಪಾಯಿಯಲ್ಲಿ ಬೀಜ ಗಾತ್ರವಾರು ಬೇರೆಯಾಗುತ್ತದೆ. ಬಳಿಕ ಕಿರುಕಾಲುವೆಗಳಲ್ಲಿ ಸಾಲಾಗಿ ಉದ್ದುದ್ದ ಮಲಗುತ್ತದೆ. ಸರಪಳಿ ಅದನ್ನು ಒಂದೊಂದಾಗಿ ಬಾಗಿದ ಎರಡು ಅಲಗುಗಳ ನಡುವೆ ತಳ್ಳುತ್ತದೆ. ಅಲ್ಲಿಂದ ಜರಡಿ, ಗಾಳಿ ಹೊಡೆಯುವ ಫ್ಯಾನು, ಸಿಪ್ಪೆ ಬೇರೆ, ತಿರುಳು ಬೇರೆ. ಒಂದೇ ಗಾತ್ರದ ಒಳ್ಳೆಯ ಬೀಜವನ್ನು ಯಂತ್ರ ಚೆನ್ನಾಗಿಯೇ ಒಡೆಯುತ್ತದೆ. ಡೊಂಕು ಬೀಜ, ಪೀಚು ಬೀಜ ಒಡೆಯದೆ ಹಾಗೆಯೇ ಹೊರಬರುತ್ತದೆ, ಇಲ್ಲವೆ ನುಚ್ಚಾಗುತ್ತದೆ. ಒಡೆಯದೆ ಉಳಿದ ಬೀಜವನ್ನು ಒಡೆಯುವವರು ಯಾರು? ಪುನಃ ನೀವೇ.

ನಮ್ಮ ಭಯ ಇರುವುದು ಇಲ್ಲಿ. ಕೂಲಿ ಕಿಲೋ ಲೆಕ್ಕದ್ದು. ಮೊದಲು ಒಳ್ಳೆಯದೂ ಕೆಟ್ಟದೂ ಕಲಸಿ ಬರುತ್ತಿತ್ತು. ಒಂದರ ನಷ್ಟವನ್ನು ಇನ್ನೊಂದು ತುಂಬುತ್ತಿತ್ತು. ಈಗ ಒಳ್ಳೆಯದನ್ನೆಲ್ಲ ಯಂತ್ರ ತಿಂದು, ಬಿಟ್ಟದ್ದು ಮಾತ್ರ ಕೈಗೆ ಬಂದರೆ? ದಿನಕ್ಕೆ ಹತ್ತು ಕಿಲೋ ತಿರುಳು ಬಿಡಿಸುತ್ತಿದ್ದ ಕೈ ಏಳಕ್ಕೆ ಇಳಿಯಿತು ಎಂದಿಟ್ಟುಕೊಳ್ಳಿ. ದರದಲ್ಲಿ ಒಂದು ಪೈಸೆಯೂ ಕಡಿಮೆಯಾಗಿಲ್ಲ, ಕೂಲಿಯಲ್ಲಿ ಹತ್ತರಲ್ಲಿ ಮೂರು ಪಾಲು ಹೋಯಿತು. 'ದರ ಇಳಿಸಿಲ್ಲವಲ್ಲ ಅಮ್ಮ' ಎಂದು ರೈಟರು ಪುಸ್ತಕ ತೆರೆದು ತೋರಿಸುತ್ತಾನೆ. ಪುಸ್ತಕವೂ ಸುಳ್ಳು ಹೇಳುವುದಿಲ್ಲ.

ಗ್ರೇಡಿಂಗ್‌ನಲ್ಲೂ ಇದೇ ಕಥೆ. ಡಬ್ಲ್ಯು 320 ಎಂದರೆ ಒಂದು ಪೌಂಡಿಗೆ 300ರಿಂದ 320 ಇಡೀ ಬೊಂಡು. ಡಬ್ಲ್ಯು 180 ಎಂದರೆ 170ರಿಂದ 180, ಅದು ದೊಡ್ಡ ಬೊಂಡು. ಬಣ್ಣದ ಯಂತ್ರದಲ್ಲಿ ತಿರುಳು ನಡುಗುವ ತಗಡಿನ ಮೇಲೆ ಹರಡಿಕೊಂಡು ಸಾಲಾಗಿ ಜಾರುತ್ತದೆ. ಕ್ಯಾಮರಾ ನೋಡುತ್ತದೆ. ಕಪ್ಪು ಚುಕ್ಕೆ ಕಂಡೊಡನೆ ಗಾಳಿಯ ಕೊಳವೆ ಫಟ್ಟನೆ ಊದಿ ಅದನ್ನು ಬೇರೆ ಕಡೆ ಹಾರಿಸುತ್ತದೆ. ಹಾರಿಸಿದ್ದರಲ್ಲಿ ಒಳ್ಳೆಯದೂ ಸೇರಿರುತ್ತದೆ. ಅದನ್ನು ಹೆಕ್ಕಲು ಮತ್ತೆ ನಿಮ್ಮ ಕಣ್ಣೇ ಬೇಕು.

ಹಾಗಾದರೆ ಯಂತ್ರ ಬೇಡವೆನ್ನಬೇಕೇ? ನಮ್ಮ ಅಭಿಪ್ರಾಯ ಹಾಗಿಲ್ಲ. ಕೈ ಸುಡುವ ಕೆಲಸ ಶಾಶ್ವತವಾಗಿ ಇರಲಿ ಎಂದು ಸಮಾಜವಾದಿಗಳು ಹೋರಾಡಲಾರರು. ಡಾ. ಲೋಹಿಯಾ 1952ರಲ್ಲಿ ಪಚ್‌ಮಢಿಯ ಅಧಿವೇಶನದಲ್ಲಿ ಸಣ್ಣ ಘಟಕದ ಯಂತ್ರದ ಮಾತು ಎತ್ತಿದಾಗ ಯಂತ್ರವನ್ನು ಅವರು ತಳ್ಳಿಹಾಕಲಿಲ್ಲ. ಅದು ಎಷ್ಟು ದೊಡ್ಡದಿರಬೇಕು, ಯಾರ ಕೈಯಲ್ಲಿರಬೇಕು ಎಂದು ಕೇಳಿದರು. ಬೀಜ ತಿರುಗಿಸುವ ಜಾಣ್ಮೆಗೆ ಧಣಿ ಇಂದು ಲಕ್ಷಗಟ್ಟಲೆ ಕೊಟ್ಟು ಕಬ್ಬಿಣ ತರುತ್ತಾರೆ. ಅದೇ ಜಾಣ್ಮೆ ಬೆರಳಿನಲ್ಲಿದ್ದಾಗ ಅದಕ್ಕೆ ಕೊಟ್ಟದ್ದೆಷ್ಟು ಎಂದು ಕೇಳುವ ಹಕ್ಕು ನಮಗಿದೆ.

ಕಾನೂನಿನ ಎರಡು ಮಾತನ್ನು ಗಂಟು ಕಟ್ಟಿಕೊಳ್ಳಿ. ಕೆಲಸಗಾರರನ್ನು ತೆಗೆಯಬೇಕಾಗಿ ಬರುವಂಥ ಯಂತ್ರ ಸುಧಾರಣೆ ಮಾಡುವ ಮೊದಲು 21 ದಿನದ ನೋಟೀಸು ಕೊಡಬೇಕು. 1947ರ ಕೈಗಾರಿಕಾ ವಿವಾದ ಕಾನೂನಿನಲ್ಲಿದ್ದ ಈ ಮಾತು 2020ರ ಕೈಗಾರಿಕಾ ಸಂಬಂಧ ಸಂಹಿತೆಯಲ್ಲೂ ಉಳಿದಿದೆ. ಎರಡನೆಯದು: ತುಂಡು ಕೆಲಸಕ್ಕೆ ಬೇರೆ ಕನಿಷ್ಠ ದರ ಗೊತ್ತುಮಾಡದಿದ್ದಲ್ಲಿ, ಕಾಲದ ಲೆಕ್ಕದ ಕನಿಷ್ಠ ವೇತನಕ್ಕಿಂತ ಕಡಿಮೆ ಕೊಡುವಂತಿಲ್ಲ. ಇದು 1948ರ ಕಾನೂನಿನಲ್ಲಿತ್ತು, 2019ರ ವೇತನ ಸಂಹಿತೆಯಲ್ಲೂ ಇದೆ. ಯಂತ್ರ ಬಿಟ್ಟ ಬೀಜಕ್ಕೆ ಬೇರೆ ದರ ಆಗಬೇಕು, ಇಲ್ಲವೆ ಅದಕ್ಕೆ ದಿನಗೂಲಿ ಕೊಡಬೇಕು. ಇದು ನಮ್ಮ ಮೊದಲ ಬೇಡಿಕೆ.

ವ್ಯಾಪಾರಿ ಮಿತ್ರರು ಇದು ಹೆಂಗಸರ ವ್ಯವಹಾರವೆಂದು ಹಿಂದೆ ಕುಳಿತಿದ್ದಾರೆ. ನಿಮ್ಮ 80 ಕಿಲೋ ಮೂಟೆಯಲ್ಲಿ ಎಷ್ಟು ಪೌಂಡು ತಿರುಳು ಸಿಗುತ್ತದೆ ಎಂಬ ಔಟ್‌ಟರ್ನ್ ಮೇಲೆ ಬೆಲೆ ನಿಲ್ಲುತ್ತದಷ್ಟೆ? ಯಂತ್ರಕ್ಕೆ ಸಮಗಾತ್ರದ ಬೀಜ ಬೇಕು. ಕಲಸಿದ ಬೀಜಕ್ಕೆ ಇನ್ನು ಮುಂದೆ ಕಡಿತ ಬರಬಹುದು. ಮಾದರಿ ಬೀಜ ಕೊಯ್ದು ನೋಡುವಾಗ ನೀವು ಎದುರಿಗೆ ನಿಂತಿರಬೇಕು, ಲೆಕ್ಕದ ಚೀಟಿ ಕೈಗೆ ಬರಬೇಕು. ಅಷ್ಟನ್ನಾದರೂ ಒಟ್ಟಾಗಿ ಕೇಳಿರಿ. ಅಡಿಕೆ ಬೆಳೆಗಾರರು 1973ರಲ್ಲಿ ಕ್ಯಾಂಪ್ಕೊ ಕಟ್ಟಿ, 1986ರಲ್ಲಿ ಇದೇ ಪುತ್ತೂರಿನಲ್ಲಿ ಚಾಕಲೇಟು ಕಾರ್ಖಾನೆಯನ್ನೇ ನಿಲ್ಲಿಸಿದರು. ಬೀಜದವರು ಒಂದು ತೂತಿನ ಪೀಪಾಯಿಯನ್ನಾದರೂ ಸಹಕಾರದಲ್ಲಿ ಇಟ್ಟುಕೊಂಡು, ಗಾತ್ರವಾರು ಬೇರ್ಪಡಿಸಿ ಮಾರಲಾರರೇ?

ಮುಂದಿನ ಆದಿತ್ಯವಾರದೊಳಗೆ, ಯಂತ್ರ ಬರುವ ಮೊದಲಿನ ಮೂರು ತಿಂಗಳ ಮತ್ತು ಬಂದ ಮೇಲಿನ ಮೂರು ತಿಂಗಳ ಕೂಲಿ ಚೀಟಿಗಳನ್ನು ನಿಮ್ಮ ಕಾರ್ಖಾನೆಯ ಪ್ರತಿನಿಧಿಯ ಕೈಗೆ ಕೊಡಿ. ಚೀಟಿ ಕೊಡದ ಕಡೆ, ದಿನಕ್ಕೆಷ್ಟು ಕಿಲೋ ಆಯಿತೆಂದು ಮನೆಯ ಮಕ್ಕಳಿಂದ ನೋಟ್‌ಬುಕ್ಕಿನಲ್ಲಿ ಬರೆಯಿಸಿ ತನ್ನಿ. ಬೇಡಿಕೆ ಪತ್ರವನ್ನು ಆ ಲೆಕ್ಕದ ಮೇಲೆಯೇ ಬರೆಯುತ್ತೇವೆ.